ಸಾಲ್ಟೇರ್: ಒಬ್ಬ ಗಿರಣಿ ಮಾಲೀಕ ಕಟ್ಟಿಸಿದ ಊರನ್ನು ನೋಡುವ ಬಗೆ

ಇಂಗ್ಲೆಂಡಿಗೆ ಹೋದವರು ಲಂಡನ್ ನೋಡಿ, ಆಮೇಲೆ ಸ್ಕಾಟ್ಲೆಂಡ್ ಕಡೆ ರೈಲು ಹತ್ತುವುದು ರೂಢಿ. ನಡುವೆ ಬರುವ ಯಾರ್ಕ್‌ಷೈರ್, ಲ್ಯಾಂಕಾಷೈರ್‌ಗಳ ಗಿರಣಿ ಊರುಗಳಲ್ಲಿ ಇಳಿಯುವವರು ಕಡಿಮೆ. ಒಂದು ಕಾಲಕ್ಕೆ ಅರ್ಧ ಜಗತ್ತಿಗೆ ಬಟ್ಟೆ ಕಳಿಸಿದ ಊರುಗಳು ಇವು. ಅವುಗಳಲ್ಲಿ ಒಂದನ್ನಾದರೂ ನೋಡಬೇಕು ಅಂತಿದ್ದರೆ ನಾನು ಹೇಳುವುದು ಸಾಲ್ಟೇರ್. ಲೀಡ್ಸ್‌ನಿಂದ ಲೋಕಲ್ ರೈಲಿನಲ್ಲಿ ಕಾಲು ಗಂಟೆಯ ದಾರಿ, ಬ್ರಾಡ್‌ಫರ್ಡ್‌ನಿಂದ ಇನ್ನೂ ಹತ್ತಿರ. 2001ರಿಂದ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ.

ಆದರೆ ಏನೂ ತಿಳಿಯದೆ ಸುಮ್ನೆ ಹೋದರೆ ಇಲ್ಲಿ ಕಣ್ಣಿಗೆ ಬೀಳುವುದು ಜಾಸ್ತಿ ಇಲ್ಲ. ಕೋಟೆಯಿಲ್ಲ, ಅರಮನೆಯಿಲ್ಲ. ಒಂದು ದೊಡ್ಡ ಗಿರಣಿ, ಸಾಲು ಸಾಲು ಕಲ್ಲಿನ ಮನೆಗಳು, ಒಂದು ಚರ್ಚು, ಹೊಳೆಯಾಚೆ ಒಂದು ಪಾರ್ಕು. ಬೇಗ ಬೇಗ ನಡೆದರೆ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಸ್ವಾರಸ್ಯ ಏನೆಂದರೆ, ಈ ಊರು ತಾನಾಗಿ ಬೆಳೆದದ್ದಲ್ಲ. ಯಾರ ಮನೆ ಎಲ್ಲಿರಬೇಕು, ಅದಕ್ಕೆ ಎಷ್ಟು ಕೋಣೆ, ಬಟ್ಟೆ ಎಲ್ಲಿ ಒಗೆಯಬೇಕು, ಕೆಲಸ ಮುಗಿದ ಮೇಲೆ ಸಂಜೆ ಹೇಗೆ ಕಳೆಯಬೇಕು, ಇದೆಲ್ಲ ಒಬ್ಬನೇ ಮನುಷ್ಯನ ತೀರ್ಮಾನ. ಆತ ಟೈಟಸ್ ಸಾಲ್ಟ್. ಅವನ ಹೆಸರಿಗೆ ಪಕ್ಕದ ಏರ್ ನದಿಯ ಹೆಸರು ಸೇರಿಸಿ ಊರಿಗೆ ಇಟ್ಟರು. ಅವನ ಒಂದೊಂದು ತೀರ್ಮಾನಕ್ಕೂ ಕಾರಣ ಹುಡುಕುತ್ತಾ ಹೋಗುವುದೇ ಸಾಲ್ಟೇರ್ ನೋಡುವ ಸರಿಯಾದ ದಾರಿ.

ಮೊದಲು ಬ್ರಾಡ್‌ಫರ್ಡ್ ಕಥೆ

ಸಾಲ್ಟ್ ಹುಟ್ಟಿದ್ದು 1803ರಲ್ಲಿ, ಲೀಡ್ಸ್ ಹತ್ತಿರದ ಮಾರ್ಲಿಯಲ್ಲಿ. ಅವನಿಗೆ ಹತ್ತೊಂಬತ್ತು ವರ್ಷವಾಗುವ ಹೊತ್ತಿಗೆ ಮನೆಯವರು ಬ್ರಾಡ್‌ಫರ್ಡ್‌ಗೆ ಬಂದು ಉಣ್ಣೆ ವ್ಯಾಪಾರಕ್ಕಿಳಿದರು. ಆ ಊರು ಆಗ ಎಂಥ ವೇಗದಲ್ಲಿ ಬೆಳೆಯುತ್ತಿತ್ತು ಅಂದರೆ, 1801ರಲ್ಲಿ ಸುಮಾರು 13,000 ಇದ್ದ ಜನಸಂಖ್ಯೆ 1851ಕ್ಕೆ ಒಂದು ಲಕ್ಷ ದಾಟಿತು. ಇದಕ್ಕೆ ಕಾರಣ ನೆಲದಲ್ಲೇ ಇತ್ತು. ಕೆಳಗೆ ಕಲ್ಲಿದ್ದಲು. ಮೇಲಿನ ಪೆನೈನ್ ಬೆಟ್ಟಗಳಿಂದ ಇಳಿಯುವ ನೀರಿನಲ್ಲಿ ಸುಣ್ಣದ ಅಂಶ ಕಡಿಮೆ, ಹಾಗಾಗಿ ಸೋಪು ಚೆನ್ನಾಗಿ ನೊರೆ ಬಿಡುತ್ತದೆ. ಜಿಡ್ಡು ತುಂಬಿದ ಉಣ್ಣೆ ತೊಳೆಯುವುದಕ್ಕೂ ಬಣ್ಣ ಹಾಕುವುದಕ್ಕೂ ಅಂಥ ನೀರೇ ಬೇಕು. ಹಬೆ ಯಂತ್ರ ಬಂದ ಮೇಲೆ ಕೇಳಬೇಕೇ? ಗಿರಣಿಯ ಮೇಲೆ ಗಿರಣಿ ಎದ್ದವು.

ಜನ ಬಂದರು, ಆದರೆ ಅವರಿಗೆ ಚರಂಡಿಯಿರಲಿಲ್ಲ, ಕುಡಿಯುವ ನೀರಿರಲಿಲ್ಲ. ಬೆನ್ನಿಗೆ ಬೆನ್ನು ತಾಗಿಸಿ ಕಟ್ಟಿದ ಮನೆಗಳಿದ್ದವು. ಅಂದರೆ ಮೂರು ಕಡೆ ಬೇರೆಯವರ ಗೋಡೆ, ಗಾಳಿ ಬೆಳಕು ಬರುವುದು ಮುಂದಿನ ಒಂದೇ ಕಡೆಯಿಂದ. ಅಲ್ಲಿ ಹುಟ್ಟಿದವರ ಸರಾಸರಿ ಆಯಸ್ಸು 18ರ ಆಸುಪಾಸು ಎಂದು ಆ ಕಾಲದ ಲೆಕ್ಕವನ್ನು ಇಂದಿಗೂ ಹೇಳುತ್ತಾರೆ. ಹದಿನೆಂಟಕ್ಕೆ ಎಲ್ಲರೂ ಸಾಯುತ್ತಿದ್ದರು ಅಂತಲ್ಲ. ಹಸುಗೂಸುಗಳು, ಚಿಕ್ಕ ಮಕ್ಕಳು ಅಷ್ಟೊಂದು ಸಾಯುತ್ತಿದ್ದುದರಿಂದ ಸರಾಸರಿ ಅಲ್ಲಿಗೆ ಇಳಿದಿತ್ತು.

1848ರಲ್ಲಿ ಸಾಲ್ಟ್ ಬ್ರಾಡ್‌ಫರ್ಡ್‌ನ ಮೇಯರ್ ಆದ. ಮರುವರ್ಷವೇ ಕಾಲರಾ ಬಂತು, ನೂರಾರು ಜನರನ್ನು ಬಲಿ ತೆಗೆದುಕೊಂಡಿತು. ಹೊಗೆಯೂ ಒಂದು ಪಿಡುಗಾಗಿತ್ತು. ಹೊಗೆ ಕಡಿಮೆ ಮಾಡುವ ಸಾಧನವನ್ನು ಸಾಲ್ಟ್ ತನ್ನ ಚಿಮಣಿಗಳಿಗೆ ಹಾಕಿಸಿದ. ಉಳಿದ ಮಾಲೀಕರಿಗೂ ಹೇಳಿ ನೋಡಿದ, ಅವರು ಒಪ್ಪಲಿಲ್ಲ. ಊರಿನಲ್ಲಿ ಅಲ್ಲೊಂದು ಇಲ್ಲೊಂದು ಹರಡಿದ್ದ ಐದು ಗಿರಣಿಗಳ ಒಡೆಯ ಅವನು. ಐವತ್ತರ ಹತ್ತಿರ ಬಂದಿದ್ದ, ಬೇಕಾದಷ್ಟು ದುಡ್ಡಿತ್ತು, ವ್ಯವಹಾರದಿಂದ ಹಿಂದೆ ಸರಿದು ಹಳ್ಳಿಯ ಬಂಗಲೆಯಲ್ಲಿ ಹಾಯಾಗಿರಬಹುದಿತ್ತು. ಅದನ್ನು ಬಿಟ್ಟು, ಎಲ್ಲ ಗಿರಣಿಗಳನ್ನೂ ಒಂದೇ ಕಡೆಗೆ ತಂದು ಊರಾಚೆ ಹೊಸದಾಗಿ ಕಟ್ಟುವ ಕೆಲಸಕ್ಕೆ ಕೈಹಾಕಿದ.

ಆ ದುಡ್ಡು ಎಲ್ಲಿಂದ ಬಂತು?

ಉಣ್ಣೆ ಬಟ್ಟೆಯಲ್ಲಿ ಎರಡು ಬಗೆ. ಗಿಡ್ಡ ಎಳೆಗಳನ್ನು ಹಿಂಜಿ, ಅಡ್ಡಾದಿಡ್ಡಿ ಇರುವಂತೆಯೇ ನೂತು, ನೇಯ್ದ ಮೇಲೆ ಬಡಿದು ಒತ್ತಾಗಿಸುವುದು ಒಂದು. ನಮ್ಮ ಕಂಬಳಿಯ ಹಾಗೆ ದಪ್ಪ, ಬೆಚ್ಚಗೆ. ಇನ್ನೊಂದರಲ್ಲಿ ಉದ್ದ ಎಳೆಗಳನ್ನು ಮಾತ್ರ ಆರಿಸಿ, ಬಾಚಿ, ಒಂದೇ ದಿಕ್ಕಿಗೆ ಮಲಗಿಸಿ ನೂಲುತ್ತಾರೆ. ಬಾಚುವಾಗ ಗಿಡ್ಡ ಎಳೆಗಳೆಲ್ಲ ಉದುರಿಹೋಗುತ್ತವೆ. ನೂಲು ತೆಳ್ಳಗೆ, ನುಣ್ಣಗೆ ಬರುತ್ತದೆ. ಇವತ್ತಿನ ಸೂಟು ಬಟ್ಟೆ ಈ ಜಾತಿಯದು. ಇಂಗ್ಲಿಷಿನಲ್ಲಿ ಇದಕ್ಕೆ ವುರ್‌ಸ್ಟೆಡ್ ಅನ್ನುತ್ತಾರೆ, ಬ್ರಾಡ್‌ಫರ್ಡ್ ಹೆಸರುವಾಸಿಯಾದದ್ದು ಇದಕ್ಕೇ.

ಸಾಲ್ಟ್‌ನ ಗುಣ ಏನೆಂದರೆ, ಬೇರೆಯವರು ಮುಟ್ಟದ ಸರಕನ್ನು ಅವನು ಮುಟ್ಟುತ್ತಿದ್ದ. ರಷ್ಯಾದ ಡಾನ್ ನದಿ ಸೀಮೆಯ ಒರಟು ಉಣ್ಣೆಯನ್ನು ಯಾರೂ ಕೊಳ್ಳದಿದ್ದಾಗ ತಾನೇ ನೂತು ತೋರಿಸಿದ. 1836ರಲ್ಲಿ ಲಿವರ್‌ಪೂಲ್‌ನ ಗೋದಾಮಿನಲ್ಲಿ ಅಲ್ಪಾಕಾ ಮೂಟೆಗಳು ಬಿದ್ದಿದ್ದನ್ನು ಕಂಡ. ಅಲ್ಪಾಕಾ ಅಂದರೆ ಪೆರು ದೇಶದ ಆಂಡೀಸ್ ಬೆಟ್ಟಗಳಲ್ಲಿ ಸಾಕುವ ಪ್ರಾಣಿ, ಒಂಟೆಯ ದೂರದ ನೆಂಟ. ಅದರ ಎಳೆ ಉದ್ದ, ರೇಷ್ಮೆಯಂಥ ಹೊಳಪು. ಆದರೆ ಜಾರುತ್ತದೆ, ಯಂತ್ರಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಅವನಿಗಿಂತ ಮೊದಲೂ ಕೆಲವರು ಪ್ರಯತ್ನಪಟ್ಟಿದ್ದರು. ಸಾಲ್ಟ್ ಅದನ್ನು ಪಳಗಿಸಿದ. ಬಟ್ಟೆಯ ಉದ್ದಕ್ಕೆ ಓಡುವ ಹಾಸು ಗಟ್ಟಿಯಾದ ಹತ್ತಿ ನೂಲಿನದು, ಅಡ್ಡಕ್ಕೆ ಓಡುವ ಹೊಕ್ಕು ಅಲ್ಪಾಕಾ ನೂಲಿನದು. ಹೊಕ್ಕಿನ ಹೊಳಪು ಮೇಲೆ ಕಾಣುತ್ತದೆ, ಹಾಸಿನ ಹತ್ತಿಯಿಂದ ಬೆಲೆ ಇಳಿಯುತ್ತದೆ. ಹಗುರ, ಮಿರಮಿರ ಮಿಂಚುವ ಬಟ್ಟೆ. ಮಧ್ಯಮ ವರ್ಗದ ಹೆಂಗಸರು ಮುಗಿಬಿದ್ದು ಕೊಂಡರು. 1844ರಲ್ಲಿ ವಿಕ್ಟೋರಿಯಾ ರಾಣಿ ತಾನು ಸಾಕಿದ್ದ ಅಲ್ಪಾಕಾಗಳ ತುಪ್ಪಟವನ್ನೇ ಕಳಿಸಿ ಬಟ್ಟೆ ಮಾಡಿಸಿಕೊಂಡಳು. ಇದಕ್ಕಿಂತ ದೊಡ್ಡ ಜಾಹೀರಾತು ಇನ್ನೇನು ಬೇಕು?

ಹತ್ತಿಯ ಮಾತು ಬಂತಲ್ಲ, ಅದಕ್ಕೆ ನಮ್ಮ ಕಡೆಯದೂ ಒಂದು ಕೊಂಡಿಯಿದೆ. ಇಂಗ್ಲೆಂಡಿನ ಹತ್ತಿ ಬರುತ್ತಿದ್ದದ್ದು ಮುಖ್ಯವಾಗಿ ಅಮೆರಿಕದಿಂದ. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಗಿ ಹತ್ತಿ ನಿಂತಾಗ ಲ್ಯಾಂಕಾಷೈರ್‌ನ ಗಿರಣಿಗಳು ಧಾರವಾಡದ ಹತ್ತಿಯ ಕಡೆ ಕಣ್ಣುಹಾಕಿದವು. ಆ ಹತ್ತಿಯನ್ನು ಸಾಗಿಸಲೆಂದೇ ಕಾರವಾರ ಬಂದರನ್ನು ಬೆಳೆಸುವ ಯೋಜನೆಯೂ ನಡೆಯಿತು.

ಅಲ್ಪಾಕಾದ ಹೊಳಪಿನ ಹಿಂದೆ ಒಂದು ಕರಾಳ ಸಂಗತಿಯೂ ಇದೆ, ಅದನ್ನು ಹೇಳದೆ ಬಿಡಲಾಗದು. ಮೂಟೆ ಬಿಚ್ಚಿ ಕೈಯಿಂದಲೇ ಎಳೆಗಳನ್ನು ವಿಂಗಡಿಸುವವರು ಇದ್ದಕ್ಕಿದ್ದಂತೆ ಉಸಿರು ಕಟ್ಟಿ, ಎರಡು ಮೂರು ದಿನಕ್ಕೆ ಸಾಯುತ್ತಿದ್ದರು. ಅಲ್ಪಾಕಾ, ಮೊಹೇರ್ (ಅಂಗೋರಾ ಆಡಿನ ಕೂದಲು) ಬಂದ ಮೇಲೆ ಬ್ರಾಡ್‌ಫರ್ಡ್‌ನಲ್ಲಿ ಈ ಕಾಯಿಲೆ ಎಷ್ಟು ಸಾಮಾನ್ಯವಾಯಿತೆಂದರೆ ಇದಕ್ಕೆ ಉಣ್ಣೆ ವಿಂಗಡಿಸುವವರ ರೋಗ ಎಂದೇ ಹೆಸರು ಬಿತ್ತು. ಜಾನ್ ಹೆನ್ರಿ ಬೆಲ್ ಎಂಬ ಅಲ್ಲಿನ ವೈದ್ಯರು 1880ರ ಹೊತ್ತಿಗೆ ಇದು ಆಂಥ್ರಾಕ್ಸ್ ಎಂದು ತೋರಿಸಿಕೊಟ್ಟರು. ದನಕುರಿಗಳಿಗೆ ಬರುವ ರೋಗ, ದೂಳಿನ ಜೊತೆ ಮನುಷ್ಯರ ಶ್ವಾಸಕೋಶಕ್ಕೆ ಇಳಿಯುತ್ತಿತ್ತು.

ಗಿರಣಿ

ಸಾಲ್ಟ್ ಆರಿಸಿದ ಜಾಗವನ್ನು ನಿಂತು ನೋಡಿ. ಕಣಿವೆಯ ತಳದಲ್ಲಿ ಏರ್ ನದಿ. ಅದಕ್ಕೆ ಒತ್ತಿಕೊಂಡೇ ಲೀಡ್ಸ್–ಲಿವರ್‌ಪೂಲ್ ಕಾಲುವೆ, ಇನ್ನೊಂದು ಮಗ್ಗುಲಿಗೆ ರೈಲು ಹಳಿ. ನಡುವೆ ಗಿರಣಿ. ಕಾಲುವೆಯ ದೋಣಿಯಿಂದಾಗಲಿ ರೈಲಿನಿಂದಾಗಲಿ ಕಲ್ಲಿದ್ದಲು, ಉಣ್ಣೆ ಇಳಿಸಬಹುದು, ತಯಾರಾದ ಬಟ್ಟೆ ಹಾಗೇ ಏರಿಸಬಹುದು. ಗಾಡಿ ಕುದುರೆಯ ಖರ್ಚೇ ಇಲ್ಲ.

1853ರ ಸೆಪ್ಟೆಂಬರ್ 20ರಂದು, ತನ್ನ ಐವತ್ತನೇ ಹುಟ್ಟುಹಬ್ಬದ ದಿನವೇ ಗಿರಣಿ ತೆರೆದ. ಸುಮಾರು 3,500 ಜನರಿಗೆ ಊಟ ಹಾಕಿಸಿದ, ಅವರಲ್ಲಿ ಹೆಚ್ಚಿನವರು ಅವನ ಕಾರ್ಮಿಕರೇ. ಕಟ್ಟಡದ ನಕ್ಷೆ ಬ್ರಾಡ್‌ಫರ್ಡ್‌ನ ಲಾಕ್‌ವುಡ್ ಮತ್ತು ಮಾಸನ್ ಅವರದು, ಯಂತ್ರಗಳ ವ್ಯವಸ್ಥೆ ವಿಲಿಯಂ ಫೇರ್‌ಬೇರ್ನ್ ಅವರದು. ಉದ್ದ 545 ಅಡಿ, ಆರು ಅಂತಸ್ತು, ಇಟಲಿಯ ಅರಮನೆಗಳ ಶೈಲಿ. 250 ಅಡಿಯ ಚಿಮಣಿಯನ್ನೂ ಇಟಲಿಯ ಗಂಟೆ ಗೋಪುರದಂತೆ ಕಟ್ಟಿಸಿದ. 1868ರಲ್ಲಿ ಕಾಲುವೆಯಾಚೆ ಎದ್ದ ಹೊಸ ಗಿರಣಿಯ ಚಿಮಣಿಯಂತೂ ವೆನಿಸ್‌ನ ಫ್ರಾರಿ ಚರ್ಚಿನ ಗೋಪುರವನ್ನು ನೋಡಿ ಮಾಡಿದ್ದು.

ಹೊರಗಿನ ಅಂದಕ್ಕಿಂತ ಒಳಗಿನ ಲೆಕ್ಕಾಚಾರ ನನಗೆ ಹೆಚ್ಚು ಹಿಡಿಸುತ್ತದೆ. ಎಣ್ಣೆ, ದೂಳು, ದೀಪದ ಬೆಂಕಿ ಒಟ್ಟಿಗಿರುತ್ತಿದ್ದ ಹಳೇ ಗಿರಣಿಗಳು ಆಗಾಗ ಸುಟ್ಟು ಬೂದಿಯಾಗುತ್ತಿದ್ದವು. ಇಲ್ಲಿ ಮರದ ಬದಲು ಎರಕದ ಕಬ್ಬಿಣದ ಕಂಬಗಳು, ಮೇಲೆ ಇಟ್ಟಿಗೆಯ ಕಮಾನುಗಳು. ಮಗ್ಗಗಳು ಬಡಿದಾಗ ಕಟ್ಟಡವೇ ಅದುರುತ್ತದೆ, ಅದಕ್ಕೇ 1,200 ಮಗ್ಗಗಳನ್ನು ಅಂತಸ್ತುಗಳಲ್ಲಿ ಇಡದೆ ಪಕ್ಕದಲ್ಲಿ ಒಂದೇ ಅಂತಸ್ತಿನ ವಿಶಾಲ ಶೆಡ್ಡಿನಲ್ಲಿ ಹಾಕಿದರು. ಹಬೆ ಯಂತ್ರದ ಶಕ್ತಿಯನ್ನು ಮಗ್ಗಗಳಿಗೆ ಮುಟ್ಟಿಸುವ ಉದ್ದನೆಯ ದಂಡಗಳು ಬೇರೆ ಗಿರಣಿಗಳಲ್ಲಿ ತಲೆಯ ಮೇಲೆ ತಿರುಗುತ್ತಿದ್ದವು. ಕೂದಲು, ಸೆರಗು, ಕೈ ಸಿಕ್ಕಿಕೊಂಡರೆ ಕಥೆ ಮುಗಿಯಿತು. ಇಲ್ಲಿ ಆ ದಂಡಗಳನ್ನು ಬಹುಪಾಲು ನೆಲದಡಿಗೆ ಇಳಿಸಿದರು. ಗದ್ದಲವೂ ತಗ್ಗಿತು, ಅಪಾಯವೂ ತಗ್ಗಿತು. 3,000ಕ್ಕೂ ಹೆಚ್ಚು ಜನ ದುಡಿಯುವ ಕಡೆ ಇದು ಸಣ್ಣ ವಿಷಯವಲ್ಲ.

ಬೀದಿಗಳಲ್ಲಿ ಏನು ನೋಡಬೇಕು?

ಗಿರಣಿ ಎದ್ದ ಮೇಲೆ ಹದಿನೈದು ವರ್ಷದಲ್ಲಿ ಸುಮಾರು 850 ಮನೆಗಳು ಬಂದವು. ಬೀದಿಗಳ ಹೆಸರು ಓದುತ್ತಾ ಹೋದರೆ ಸಾಲ್ಟ್ ಮನೆತನದ ಪಡಿತರ ಚೀಟಿ ಓದಿದಂತೆ. ಕ್ಯಾರೊಲೈನ್ ಅವನ ಹೆಂಡತಿ. ಜಾರ್ಜ್, ಅಮೀಲಿಯಾ, ಎಡ್ವರ್ಡ್, ಫ್ಯಾನಿ, ಹರ್ಬರ್ಟ್, ಹೆಲೆನ್, ಏಡಾ ಮಕ್ಕಳು. ಟೈಟಸ್ ಬೀದಿಯೂ ಇದೆ. ನಕ್ಷೆ ಬರೆದ ಲಾಕ್‌ವುಡ್, ಮಾಸನ್ ಅವರಿಗೂ ಒಂದೊಂದು ಬೀದಿ ಸಿಕ್ಕಿದೆ.

ಜಾರ್ಜ್ ಬೀದಿಯ ತುದಿಯಲ್ಲಿ ನಿಂತು ಮಾಡಿನ ಗೆರೆಯನ್ನೇ ಗಮನಿಸಿ. ಸಾಲಿನ ನಡುವಿನ ಮನೆಗಳು ಎರಡಂತಸ್ತು, ಬಾಗಿಲು ನೇರ ಬೀದಿಗೆ. ತುದಿಗಳಲ್ಲಿ ಇದ್ದಕ್ಕಿದ್ದಂತೆ ಮಾಡು ಎತ್ತರವಾಗುತ್ತದೆ, ಮನೆ ಮೂರಂತಸ್ತಾಗುತ್ತದೆ. ಅಲ್ಲಿದ್ದವರು ಮೇಸ್ತ್ರಿಗಳು, ದೊಡ್ಡ ಸಂಸಾರದವರು, ಬಾಡಿಗೆಗೆ ಜನ ಇಟ್ಟುಕೊಂಡವರು. ಹಾಗೇ ಪಶ್ಚಿಮದ ಆಲ್ಬರ್ಟ್ ರಸ್ತೆಗೆ ಬಂದರೆ ಮನೆ ಮುಂದೆ ಕೈತೋಟ, ಅಗಲ ಕಿಟಕಿ. ಅವು ಅಧಿಕಾರಿಗಳು, ಉಪಾಧ್ಯಾಯರು ಇರುತ್ತಿದ್ದ ಮನೆಗಳು. ಗಿರಣಿಯೊಳಗೆ ಯಾರು ಯಾರ ಮೇಲೆ ಎನ್ನುವುದು ಬೀದಿಯಲ್ಲೂ ಗೊತ್ತಾಗಬೇಕಿತ್ತು, ಗೊತ್ತಾಗುತ್ತದೆ.

ಆದರೆ ಅತಿ ಸಣ್ಣ ಮನೆಗೂ ನಲ್ಲಿ ನೀರು, ಗ್ಯಾಸ್ ದೀಪ, ಹಿತ್ತಿಲು, ಆ ಹಿತ್ತಿಲಲ್ಲಿ ಅವರದೇ ಪಾಯಿಖಾನೆ. ಬ್ರಾಡ್‌ಫರ್ಡ್‌ನ ಕೇರಿಯಲ್ಲಿ ಹತ್ತಾರು ಸಂಸಾರ ಒಂದನ್ನೇ ಹಂಚಿಕೊಳ್ಳುತ್ತಿದ್ದ ಕಾಲವದು. ತಾಯಂದಿರ ಕಣ್ಣಿನಿಂದ ನೋಡಿದರೆ ಇದು ಮಕ್ಕಳು ಬದುಕುವ, ಸಾಯುವ ವ್ಯತ್ಯಾಸ.

ಇನ್ನು ಬೇಡಗಳ ಪಟ್ಟಿ. ಬೀದಿಗೆ ಅಡ್ಡಲಾಗಿ ಒದ್ದೆ ಬಟ್ಟೆ ಒಣಹಾಕುವುದು ಸಾಲ್ಟ್‌ಗೆ ಆಗುತ್ತಿರಲಿಲ್ಲ. ಅದಕ್ಕೆ 1863ರಲ್ಲಿ ಹಬೆ ಯಂತ್ರವಿರುವ ಒಗೆಯುವ ಮನೆ, ಜೊತೆಗೆ ಸ್ನಾನದ ಮನೆ ಕಟ್ಟಿಸಿದ. ಜನ ಅಷ್ಟಾಗಿ ಒಲಿಯಲಿಲ್ಲ. ತಮ್ಮ ಹಳೇ ಬಟ್ಟೆಯನ್ನು ಊರವರ ಮುಂದೆ ಹೊತ್ತುಕೊಂಡು ಹೋಗಲು ಯಾರಿಗೆ ಇಷ್ಟ, ಅಲ್ವಾ? ಆ ಕಟ್ಟಡ ಈಗಿಲ್ಲ. ಹೆಂಡದಂಗಡಿಗಂತೂ ಊರೊಳಗೆ ಜಾಗವೇ ಇರಲಿಲ್ಲ. ಅದರ ಬದಲಿಗೆ ವಿಕ್ಟೋರಿಯಾ ರಸ್ತೆಯಲ್ಲಿ 1871ರಲ್ಲಿ ಇನ್‌ಸ್ಟಿಟ್ಯೂಟ್ ತೆರೆದ. ಗ್ರಂಥಾಲಯ, ವಾಚನಾಲಯ, ಉಪನ್ಯಾಸದ ಹಾಲ್, ಪ್ರಯೋಗಾಲಯ, ಬಿಲಿಯರ್ಡ್ಸ್, ವ್ಯಾಯಾಮಶಾಲೆ ಎಲ್ಲ ಒಂದೇ ಸೂರಿನಡಿ. ಈಗ ಅದರ ಹೆಸರು ವಿಕ್ಟೋರಿಯಾ ಹಾಲ್.

ಅದರ ಎದುರಿಗೇ 1868ರ ಶಾಲೆ. ಎರಡೂ ಕಟ್ಟಡಗಳ ಮೂಲೆಗಳಲ್ಲಿ ಒಟ್ಟು ನಾಲ್ಕು ಕಲ್ಲಿನ ಸಿಂಹಗಳು, ಥಾಮಸ್ ಮಿಲ್ನ್ಸ್ ಕೆತ್ತಿದ್ದು. ಎಚ್ಚರ, ಛಲ, ಯುದ್ಧ, ಶಾಂತಿ ಎಂದು ಅವುಗಳ ಹೆಸರು. ಒಂದೊಂದರ ಮುಖಭಾವವೂ ಬೇರೆ, ಹತ್ತಿರ ಹೋಗಿ ನೋಡಿ. ಆ ಶಾಲೆಯ ಮುಂದೆ ನಿಂತಾಗ ಇನ್ನೊಂದನ್ನೂ ನೆನಪಿಡಿ. ಇಷ್ಟು ಚಂದದ ಕಟ್ಟಡದಲ್ಲಿ ಕೂರುತ್ತಿದ್ದ ಮಕ್ಕಳಲ್ಲಿ ಅನೇಕರು ಅರ್ಧ ದಿನ ಮಾತ್ರ ಶಾಲೆಗೆ ಬರುತ್ತಿದ್ದರು. ಉಳಿದರ್ಧ ಗಿರಣಿಯಲ್ಲಿ. 1844ರ ಕಾನೂನಿನ ಪ್ರಕಾರ ಎಂಟು ವರ್ಷ ತುಂಬಿದ ಮಗುವನ್ನು ಹಾಗೆ ಕೆಲಸಕ್ಕೆ ಹಚ್ಚಬಹುದಿತ್ತು. ಸಾಲ್ಟೇರ್ ಅದಕ್ಕೆ ಹೊರತಾಗಿರಲಿಲ್ಲ.

ಗಿರಣಿಯ ಬಾಗಿಲಿಗೆ ನೇರ ಎದುರಾಗಿ ಇರುವುದು 1859ರ ಚರ್ಚು. ದುಂಡನೆಯ ಮುಖಮಂಟಪ, ತುದಿಯಲ್ಲಿ ಎಲೆಗಳನ್ನು ಕೆತ್ತಿದ ಕೊರಿಂಥಿಯನ್ ಕಂಬಗಳು. ಸಾಲ್ಟ್‌ನ ಸಮಾಧಿಯೂ ಇಲ್ಲೇ. ದುಡಿಮೆ ಒಂದು ಕಡೆ, ದೇವರು ಇನ್ನೊಂದು ಕಡೆ, ನಡುವೆ ಒಂದೇ ದಾರಿ. ಅಕಸ್ಮಾತ್ತಾಗಿ ಹೀಗೆ ಬಂದದ್ದಲ್ಲ.

ಕರುಣೆಯೋ, ಹಿಡಿತವೋ?

ಸಾಲ್ಟೇರ್ ಬಗ್ಗೆ ಮಾತಾಡುವವರು ಇಲ್ಲಿ ಎರಡು ಪಂಗಡವಾಗುತ್ತಾರೆ. ಒಬ್ಬರಿಗೆ ಅವನು ಧರ್ಮಾತ್ಮ. ಇನ್ನೊಬ್ಬರಿಗೆ ಲಾಭಕ್ಕಾಗಿ ಜನರನ್ನು ಕೈಯಲ್ಲಿಟ್ಟುಕೊಂಡ ಜಾಣ. ನನ್ನ ಪ್ರಕಾರ ಇವೆರಡನ್ನು ಬೇರೆ ಮಾಡಲು ಹೋದರೆ ಊರು ಅರ್ಥವಾಗುವುದಿಲ್ಲ. ನಲ್ಲಿ ನೀರು ಕೊಟ್ಟವನೂ ಹೆಂಡದಂಗಡಿ ಬೇಡ ಅಂದವನೂ ಒಬ್ಬನೇ, ಎರಡಕ್ಕೂ ಕಾರಣವೂ ಒಂದೇ. ಬ್ರಾಡ್‌ಫರ್ಡ್‌ನಲ್ಲಿ ಕೊಳಕು, ಕುಡಿತ, ಕಾಯಿಲೆ ಒಟ್ಟೊಟ್ಟಿಗೆ ಇದ್ದುದನ್ನು ಅವನು ಮೇಯರ್ ಆಗಿ ಕಂಡಿದ್ದ. ಮೂರನ್ನೂ ಒಂದೇ ಸಲಕ್ಕೆ ಕಿತ್ತುಹಾಕಬೇಕು ಅಂದುಕೊಂಡ. ಆರೋಗ್ಯವಾಗಿರುವ ಆಳು ದಿನಾ ಕೆಲಸಕ್ಕೆ ಬರುತ್ತಾನೆ ಎನ್ನುವ ವ್ಯಾಪಾರದ ಬುದ್ಧಿಯೂ ಅದರಲ್ಲಿ ಇರಲೇಬೇಕು.

ಇಲ್ಲಿನ ಜನರಿಗೆ ಸಂಬಳ ಕೊಡುವವನೂ ಮನೆ ಬಾಡಿಗೆ ವಸೂಲಿ ಮಾಡುವವನೂ ಒಬ್ಬನೇ ಆಗಿದ್ದ ಎಂಬುದು ಮರೆಯುವ ಮಾತಲ್ಲ. ಅಂಥ ಕಡೆ ಮಾಲೀಕನ ಮೇಲೆ ಸಿಟ್ಟು ಬಂದರೂ ನುಂಗಿಕೊಳ್ಳಬೇಕು. ಆದರೂ ನಾನು ಸಾಲ್ಟ್ ಪರವಾಗಿ ಒಂದು ಮಾತು ಹೇಳುತ್ತೇನೆ. ಅದೇ ಕಾಲದಲ್ಲಿ, ಅದೇ ಊರಿನಲ್ಲಿ, ಅಷ್ಟೇ ಲಾಭ ಮಾಡಿದ ಎಷ್ಟೋ ಮಾಲೀಕರು ಒಂದು ಚರಂಡಿಯನ್ನೂ ತೋಡಿಸಲಿಲ್ಲ. ಇವನು ಕೈಲಾಗದ ಮುದುಕರಿಗೆಂದು 45 ಮನೆಗಳನ್ನು ವಿಕ್ಟೋರಿಯಾ ರಸ್ತೆಯ ಮೇಲ್ತುದಿಯಲ್ಲಿ ಕಟ್ಟಿಸಿ, ಜೊತೆಗೆ ವಾರವಾರ ಪಿಂಚಣಿಯನ್ನೂ ಕೊಟ್ಟ. ಸರ್ಕಾರದ ವೃದ್ಧಾಪ್ಯ ವೇತನ ಬ್ರಿಟನ್ನಿಗೆ ಬಂದದ್ದು ಅದಾಗಿ ನಾಲ್ಕು ದಶಕದ ನಂತರ. 1876ರ ಡಿಸೆಂಬರ್‌ನಲ್ಲಿ ಅವನು ತೀರಿಕೊಂಡಾಗ ಶವಯಾತ್ರೆ ನೋಡಲು ಲಕ್ಷ ಜನ ಸೇರಿದ್ದರು ಎನ್ನುತ್ತಾರೆ.

ಬಿದ್ದದ್ದು, ಎದ್ದದ್ದು

ಫ್ಯಾಷನ್ ಬದಲಾಯಿತು, ಹೊಳೆಯುವ ಗಟ್ಟಿ ಬಟ್ಟೆ ಯಾರಿಗೂ ಬೇಡವಾಯಿತು. ಮಗ ಟೈಟಸ್ 1887ರಲ್ಲಿ ತೀರಿಕೊಂಡ, 1892ಕ್ಕೆ ಕಂಪನಿ ದಿವಾಳಿಯ ಅಂಚಿಗೆ ಬಂದು ಕೈಬದಲಾಯಿತು. ಜೇಮ್ಸ್ ರಾಬರ್ಟ್ಸ್ ಅದನ್ನು ಮತ್ತೆ ಎತ್ತಿ ನಿಲ್ಲಿಸಿದ. ಎರಡನೇ ಮಹಾಯುದ್ಧದ ನಂತರ ಬ್ರಾಡ್‌ಫರ್ಡ್ ಸುತ್ತಲಿನ ಗಿರಣಿಗಳ ರಾತ್ರಿ ಪಾಳಿಗೆ ಭಾರತ, ಪಾಕಿಸ್ತಾನಗಳಿಂದ ಜನ ಹೋದರು. ಇವತ್ತು ಆ ನಗರದಲ್ಲಿ ಕಾಣುವ ದಕ್ಷಿಣ ಏಷ್ಯಾದ ಕುಟುಂಬಗಳಲ್ಲಿ ಎಷ್ಟೋ ಮಂದಿಯ ಅಜ್ಜಂದಿರು ಹಾಗೆ ಬಂದವರು. ಕೊನೆಗೆ 1986ರಲ್ಲಿ ಸಾಲ್ಟ್ ಗಿರಣಿಯ ಯಂತ್ರಗಳು ನಿಂತವು.

ಮರುವರ್ಷ ಜೊನಾಥನ್ ಸಿಲ್ವರ್ ಎಂಬ ಬ್ರಾಡ್‌ಫರ್ಡ್‌ನ ವ್ಯಾಪಾರಿ ಅದನ್ನು ಕೊಂಡರು. ಆ ಊರಿನಲ್ಲೇ ಹುಟ್ಟಿದ ಚಿತ್ರಕಾರ ಡೇವಿಡ್ ಹಾಕ್ನಿ ಅವರ ಗೆಳೆಯ. ಉಣ್ಣೆ ನೂಲುತ್ತಿದ್ದ ನೆಲದ ಮೇಲೆ ಹಾಕ್ನಿ ಚಿತ್ರಗಳ ಗ್ಯಾಲರಿ ಬಂತು, ಆಮೇಲೆ ಪುಸ್ತಕದಂಗಡಿ, ಹೋಟೆಲು, ಕಚೇರಿಗಳು. ಗ್ಯಾಲರಿಗೆ ಪ್ರವೇಶ ಶುಲ್ಕವಿಲ್ಲ. ಒಳಗೆ ಚಿತ್ರಗಳನ್ನು ನೋಡುತ್ತಾ ಮಧ್ಯೆ ಮಧ್ಯೆ ತಲೆಯೆತ್ತಿ ಕಬ್ಬಿಣದ ಕಂಬಗಳನ್ನೂ ಇಟ್ಟಿಗೆ ಕಮಾನುಗಳನ್ನೂ ನೋಡಿ.

ನೋಡುವ ಕ್ರಮ ಹೀಗಿಟ್ಟುಕೊಂಡರೆ ಒಳ್ಳೆಯದು. ರೈಲಿನಿಂದ ಇಳಿದ ಕೂಡಲೇ ಗಿರಣಿಗೆ ನುಗ್ಗಬೇಡಿ. ವಿಕ್ಟೋರಿಯಾ ರಸ್ತೆಯನ್ನು ಹತ್ತಿ ಮುದುಕರ ಮನೆಗಳಿಂದ ಶುರುಮಾಡಿ. ಸಿಂಹಗಳನ್ನು ದಾಟಿ, ಬೀದಿಗಳಲ್ಲಿ ಅಡ್ಡಾಡುತ್ತಾ ಇಳಿಯಿರಿ. ಬೆಳಿಗ್ಗೆ ಕೆಲಸಕ್ಕೆ ಹೋಗುವವರು ಇಳಿಯುತ್ತಿದ್ದ ದಾರಿಯೇ ಇದು. ಆಮೇಲೆ ಗಿರಣಿ, ಚರ್ಚು, ಕಾಲುವೆ, ಹೊಳೆಯ ಮೇಲಿನ ಕಾಲುಸೇತುವೆ, ಆಚೆಗೆ ರಾಬರ್ಟ್ಸ್ ಪಾರ್ಕು. ಅಲ್ಲಿರುವ ಸಾಲ್ಟ್ ಪ್ರತಿಮೆಯ ಪೀಠದಲ್ಲಿ ಅಲ್ಪಾಕಾದ ಕಂಚಿನ ಉಬ್ಬುಚಿತ್ರ ಹುಡುಕಿ. ಕಾಲಿಗೆ ಶಕ್ತಿಯಿದ್ದರೆ ಕಾಲುವೆ ದಂಡೆ ಹಿಡಿದು ಬಿಂಗ್ಲಿಯತ್ತ ಐದು ಕಿಲೋಮೀಟರ್ ನಡೆಯಿರಿ. 1774ರಲ್ಲಿ ತೆರೆದ ಐದು ಮೆಟ್ಟಿಲ ಲಾಕ್‌ಗಳು, ಅಂದರೆ ನೀರು ತುಂಬಿಸಿ ದೋಣಿ ಏರಿಸುವ ಬಾಗಿಲಿನ ತೊಟ್ಟಿಗಳು, ದೋಣಿಗಳನ್ನು ಸುಮಾರು 59 ಅಡಿ ಮೇಲೆತ್ತುವುದನ್ನು ಅಲ್ಲಿ ನೋಡಬಹುದು.

ಬೀದಿಗಳಲ್ಲಿ ಅಡ್ಡಾಡುವಾಗ ಇವು ಮ್ಯೂಸಿಯಂ ಅಲ್ಲ, ಜನ ಸಂಸಾರ ಮಾಡುತ್ತಿರುವ ಮನೆಗಳು ಎಂಬುದು ನೆನಪಿರಲಿ. ಕಿಟಕಿಯಲ್ಲಿ ಇಣುಕಬೇಡಿ. 1933ರಲ್ಲಿ ಗಿರಣಿಯವರು ಈ ಮನೆಗಳನ್ನು ಮಾರಿಬಿಟ್ಟರು. ಆಮೇಲೆ ನಿಧಾನವಾಗಿ ಒಂದೊಂದೂ ವಾಸವಿದ್ದವರ ಸ್ವಂತವಾಯಿತು. ಈಗ ಇವೆಲ್ಲ ಸಂರಕ್ಷಿತ ಕಟ್ಟಡಗಳು. ಹಾಗಾಗಿ ಬಾಗಿಲು, ಕಿಟಕಿ ಬದಲಾಯಿಸಬೇಕಾದರೂ ನಗರಸಭೆಯ ಅನುಮತಿ ಬೇಕು. ಒದ್ದೆ ಬಟ್ಟೆಯನ್ನು ಮಾತ್ರ ಈಗ ತಮ್ಮ ಹಿತ್ತಿಲಲ್ಲೇ ಒಣಗಿಸಿಕೊಳ್ಳುತ್ತಾರೆ, ಯಾರೂ ಕೇಳುವುದಿಲ್ಲ.